ಸ್ಕ್ರೀನ್ ಮೇಲೆ ಚಿನ್ನ, ಕೈಗೆ ಬಂದಾಗ ಕಡ್ಲೆಹಿಟ್ಟು. ಗೋಲ್ಡ್ ಫಿನಿಶ್ ಯಾಕೆ ಹೀಗೆ ಕೈ ಕೊಡುತ್ತದೆ?

ಬಸವನಗುಡಿ_ಡಿಸೈನ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಬೇಜಾರಲ್ಲೇ ಬರೆಯುತ್ತಿದ್ದೇನೆ.

ಒಂದು ಮನೆಯವರಿಗೆ ಗೃಹಪ್ರವೇಶದ ಆಮಂತ್ರಣ ಮಾಡಿಕೊಟ್ಟೆ. ಕುಂಕುಮ ಬಣ್ಣದ ಹಿನ್ನೆಲೆ, ಅದರ ಮೇಲೆ ಚಿನ್ನದ ಅಕ್ಷರ, ಸುತ್ತ ಮಾವಿನ ತೋರಣದ ಅಂಚು. ಲ್ಯಾಪ್‌ಟಾಪ್‌ನಲ್ಲಿ ಥಳಥಳ ಅಂತಿತ್ತು. ಗ್ರೇಡಿಯಂಟ್ (ಒಂದು ಬಣ್ಣ ಇನ್ನೊಂದಕ್ಕೆ ಕರಗುವ ಛಾಯೆ) ಹಾಕಿ ನಡುವೆ ಒಂದು ಬಿಳಿ ಹೊಳಪೂ ಕೊಟ್ಟಿದ್ದೆ. ಮನೆಯವರು ವಾಟ್ಸಾಪ್‌ನಲ್ಲಿ ನೋಡಿ ಸೂಪರ್ ಅಂದರು. 300 ಕಾರ್ಡ್ ಪ್ರಿಂಟ್ ಆಗಿ ಬಂತು. ಆ ಮನೆಯ ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಏನಪ್ಪಾ ಇದು, ಕಡ್ಲೆಹಿಟ್ಟು ಕಲಸಿ ಬರೆದ ಹಾಗಿದೆ" ಅಂದರು. ನನಗೆ ಮುಖ ಎತ್ತಲು ಆಗಲಿಲ್ಲ.

ಪ್ರೆಸ್‌ನವರನ್ನು ಕೇಳಿದರೆ, ಫೈಲ್‌ನಲ್ಲಿ ಇದ್ದದ್ದೇ ಬಂದಿದೆ ಅನ್ನುತ್ತಾರೆ. ನಾನು ಹಾಕಿದ್ದು ಕೋರೆಲ್ ಡಿಸೈನ್ ಸಾಫ್ಟ್‌ವೇರ್‌ನ ಬಣ್ಣದ ಪ್ಯಾಲೆಟ್‌ನಲ್ಲಿ ಗೋಲ್ಡ್ ಅಂತಲೇ ಹೆಸರಿರುವ ಬಣ್ಣ. ಶೇಕಡಾ ಲೆಕ್ಕದಲ್ಲಿ ಸಯಾನ್ (ತಿಳಿನೀಲಿ) 0, ಮಜೆಂಟಾ (ಗುಲಾಬಿ ಕೆಂಪು) 20, ಹಳದಿ 60, ಕಪ್ಪು 20. ಹೆಸರೇ ಗೋಲ್ಡ್ ಅಂತ ಇರುವಾಗ ಅನುಮಾನ ಯಾಕೆ ಬರಬೇಕು ಹೇಳಿ?

ಮತ್ತೆ 300 ಕಾರ್ಡ್ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. 12 ದಿನ ಇದೆ. ಫಾಯಿಲ್ (ಬಿಸಿಯಲ್ಲಿ ಒತ್ತಿ ಅಂಟಿಸುವ ಹೊಳೆಯುವ ಪದರ) ಮಾಡಿಸಲಾ, ಗೋಲ್ಡ್ ಇಂಕಾ? ಮೊಬೈಲ್‌ಗೆ ಕಳಿಸುವ ಆಮಂತ್ರಣ ಮತ್ತು ಒಂದು ಪುಟ್ಟ ವೆಬ್ ಪುಟ ಕೂಡ ಬೇಕಂತೆ. ಅವುಗಳಲ್ಲೂ ಚಿನ್ನವೇ ಇರಬೇಕಂತೆ.

ಟ್ರೆಡಲ್_ಮಾಮ

ತಮ್ಮಾ, ಅಜ್ಜಿ ಸರಿಯಾಗೇ ಹೇಳಿದ್ದಾರೆ. ಹಳದಿಗೆ ಸ್ವಲ್ಪ ಕೆಂಪು, ಸ್ವಲ್ಪ ಕಪ್ಪು ಸೇರಿಸಿದರೆ ಕಡ್ಲೆಹಿಟ್ಟೇ ಆಗುವುದು. ನಾಲ್ಕು ಬಣ್ಣದ ಇಂಕಿನಲ್ಲಿ ಲೋಹವೇ ಇಲ್ಲ. ಹೊಳಪು ಎಲ್ಲಿಂದ ಬರಬೇಕು?

ನಾನು ಚಾಮರಾಜಪೇಟೆಯಲ್ಲಿ ಪ್ರೆಸ್ ನಡೆಸಿದವನು. ಈಗ ಮಗ ನೋಡಿಕೊಳ್ಳುತ್ತಾನೆ. ಗೋಲ್ಡ್ ಕೇಳಿಕೊಂಡು ಬಂದವರ ಕೈಗೆ ಮೊದಲು ಒಂದು ಹಿತ್ತಾಳೆ ಚಮಚ ಕೊಡುತ್ತಿದ್ದೆ. ತಿರುಗಿಸಿ ನೋಡಿ ಅನ್ನುತ್ತಿದ್ದೆ. ಒಂದು ಕಡೆ ಬಿಳಿ, ಇನ್ನೊಂದು ಕಡೆ ಕಂದು, ನಡುವೆ ಹಳದಿ. ಕೈ ಅಲ್ಲಾಡಿದರೆ ಎಲ್ಲ ಅದಲುಬದಲು. ಆ ಓಡಾಟ ಕಂಡಾಗಲೇ ನಮ್ಮ ಕಣ್ಣು ಇದು ಲೋಹ ಅಂತ ಒಪ್ಪುವುದು. ನಿನ್ನ ಗ್ರೇಡಿಯಂಟ್‌ನ ಬಿಳಿ ಪಟ್ಟಿ ಕಾರ್ಡ್ ಹೇಗೆ ತಿರುಗಿಸಿದರೂ ಅಲ್ಲೇ ಕೂತಿರುತ್ತದೆ. ಅದಕ್ಕೇ ಕಣ್ಣು ಮೋಸ ಹೋಗುವುದಿಲ್ಲ.

ಗೋಲ್ಡ್ ಇಂಕ್ ಬೇರೆ ಕಥೆ. ಅದರಲ್ಲಿ ನಿಜವಾಗಿ ಲೋಹದ ಪುಡಿ ಇರುತ್ತದೆ. ಚಿನ್ನ ಅಲ್ಲ, ತಾಮ್ರ ಮತ್ತು ಸತು. ರಿಚ್ ಗೋಲ್ಡ್ ಅನ್ನುವುದರಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಅಂದರೆ ನನ್ನ ಚಮಚವನ್ನೇ ಪುಡಿ ಮಾಡಿ ಇಂಕಿಗೆ ಹಾಕಿದ ಹಾಗೆ! ಸತು ಕಡಿಮೆ ಆದಷ್ಟೂ ಬಣ್ಣ ಕೆಂಪಿಗೆ ತಿರುಗುತ್ತದೆ. ಪ್ರೆಸ್‌ನವರು ಇಂಕಿನ ಬಣ್ಣ ನಂಬರ್ ನೋಡಿ ಆರಿಸುವ ಪ್ಯಾಂಟೋನ್ ಪುಸ್ತಕದಲ್ಲಿ 871ರಿಂದ ಈ ಸಾಲು ಶುರು. 877 ಬೆಳ್ಳಿ, ಅದರಲ್ಲಿರುವುದು ಅಲ್ಯುಮಿನಿಯಂ.

ಇಂಕಿನ ಕಷ್ಟ ಏನು ಅಂದರೆ, ಪುಡಿ ಕಾಗದದ ಮೇಲೆ ಚಪ್ಪಟೆಯಾಗಿ ಮಲಗಬೇಕು. ಮಲಗಿದರೆ ಹೊಳೆಯುತ್ತದೆ. ಒರಟು ಕಾಗದದಲ್ಲಿ ಅದು ಒಳಗೆ ಇಳಿದುಬಿಡುತ್ತದೆ, ಆಗ ಮಣ್ಣಿನ ಬಣ್ಣ. ಆರಿದ ಮೇಲೂ ಉಜ್ಜಿದರೆ ಬೆರಳಿಗೆ ಬರುತ್ತದೆ. ವಾರ್ನಿಷ್ ಹೊಡೆದರೆ ಉಜ್ಜುವುದು ನಿಲ್ಲುತ್ತದೆ, ಆದರೆ ಹೊಳಪೂ ಸ್ವಲ್ಪ ಸಾಯುತ್ತದೆ. ತಾಮ್ರ ಇರುವುದರಿಂದ ವರ್ಷ ಕಳೆದಂತೆ ಕಪ್ಪಾಗುತ್ತದೆ. ನಮ್ಮ ಪೂಜೆ ಸಾಮಾನು ಕಪ್ಪಾಗುವುದಿಲ್ಲವಾ, ಹಾಗೇ.

ಸ್ಕ್ರೀನ್_ಹುಡುಗ

ಗುರು, 300 ಕಾರ್ಡ್‌ಗೆ ಆಫ್‌ಸೆಟ್‌ನಲ್ಲಿ ಗೋಲ್ಡ್ ಇಂಕ್ ಯಾಕೆ? ನಾಲ್ಕು ಬಣ್ಣದ ಮಷೀನ್ ಆದರೆ ಒಂದು ಬಣ್ಣದ ಯೂನಿಟ್ ತೊಳೆದು, ಗೋಲ್ಡ್ ಹಾಕಿ, ಕಾಗದವನ್ನು ಮತ್ತೆ ಒಂದು ಸಲ ಓಡಿಸಬೇಕು. ತೊಳೆಯುವ ಖರ್ಚೇ ಜಾಸ್ತಿ ಆಗುತ್ತದೆ. ಸ್ಕ್ರೀನ್ ಪ್ರಿಂಟಿಂಗ್ (ಜಾಲರಿ ಬಟ್ಟೆಯ ಮೂಲಕ ಇಂಕ್ ಒತ್ತುವುದು) ನೋಡು. ಇಂಕ್ ದಪ್ಪ ಕೂರುತ್ತದೆ, ಗಾಢ ಬಣ್ಣದ ಕಾಗದದ ಮೇಲೂ ಎದ್ದು ಕಾಣುತ್ತದೆ. ಫಾಯಿಲ್ ಥರ ಕನ್ನಡಿ ಹೊಳಪು ಬರಲ್ಲ. ಒಂಥರಾ ರೇಷ್ಮೆ ಹೊಳಪು. ನನಗೆ ಅದೇ ಇಷ್ಟ, ನಿಜ ಹೇಳಬೇಕು ಅಂದರೆ.

ಪೇಟೆ_ಪೇಪರ್

ನಮ್ಮದು ಸುಲ್ತಾನಪೇಟೆಯಲ್ಲಿ ಕಾಗದದ ಅಂಗಡಿ. ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ಕುಂಕುಮ ಬಣ್ಣ ಪ್ರಿಂಟ್ ಯಾಕೆ ಮಾಡುತ್ತೀರಿ ಸರ್? ಒಳಗೂ ಹೊರಗೂ ಅದೇ ಬಣ್ಣ ಇರುವ ಕಾಗದ ಸಿಗುತ್ತದೆ. ಅದನ್ನು ತಗೊಂಡರೆ ಗೋಲ್ಡ್ ಒಂದೇ ಕೆಲಸ. ಮಡಿಕೆಯಲ್ಲಿ ಬಿಳಿ ಗೆರೆ ಒಡೆಯಲ್ಲ, ಅಂಚು ಕತ್ತರಿಸಿದ ಕಡೆ ಬಿಳಿ ಕಾಣಲ್ಲ. ಪ್ರಿಂಟ್ ಆದ ಕೆಂಪಿನ ಮೇಲೆ ಫಾಯಿಲ್ ಹೊಡೆಸಲು ಹೋದರೆ, ಇಂಕ್ ಪೂರ್ತಿ ಆರದೆ ಇದ್ದರೆ ಹಿಡಿಯುವುದೂ ಇಲ್ಲ. ನಿಮಗೆ ಇರುವುದೇ 12 ದಿನ.

ಒಂದು ವಿಷಯ. ತುಂಬಾ ಉಬ್ಬುತಗ್ಗು ಇರುವ ಕೈಕಾಗದಕ್ಕೆ ಆಸೆ ಪಡಬೇಡಿ. ನೋಡೋಕೆ ಚೆಂದ. ಫಾಯಿಲ್ ಮಾತ್ರ ತಗ್ಗಿಗೆ ಇಳಿಯಲ್ಲ, ಅಕ್ಷರದಲ್ಲಿ ತೂತು ತೂತು ಬೀಳುತ್ತದೆ.

ಬಸವನಗುಡಿ_ಡಿಸೈನ್

ಅಯ್ಯೋ, ಇದು ನನಗೆ ಹೊಳೆಯಲೇ ಇಲ್ಲ! ನಾಳೆ ಪೇಟೆ ಕಡೆ ಬಂದು ಕಾಗದ ನೋಡುತ್ತೇನೆ. ಹಾಗಾದರೆ ಫಾಯಿಲ್ ಕಡೆಗೇ ಮನಸ್ಸು ಹೋಗುತ್ತಿದೆ. ಫಾಯಿಲ್‌ನಲ್ಲಾದರೂ ನಿಜವಾದ ಚಿನ್ನ ಇರುತ್ತದಾ ಮಾಮ?

ಟ್ರೆಡಲ್_ಮಾಮ

ಹಹ್ಹ, ಇಲ್ಲಪ್ಪ. ಅಲ್ಯುಮಿನಿಯಂ. ಫಾಯಿಲ್ ರೋಲ್ ಅಂದರೆ 12 ಮೈಕ್ರಾನ್‌ನಷ್ಟು ತೆಳುವಾದ ಪಾಲಿಯೆಸ್ಟರ್ ಹಾಳೆ. ಅದರ ಬೆನ್ನಿಗೆ ಬಿಸಿ ತಾಗಿದರೆ ಬಿಟ್ಟುಕೊಳ್ಳುವ ಒಂದು ಪದರ, ಆಮೇಲೆ ಹಳದಿ ಬಣ್ಣದ ಲ್ಯಾಕರ್, ಆಮೇಲೆ ಅಲ್ಯುಮಿನಿಯಂ, ಕೊನೆಗೆ ಅಂಟು. ಬಿಸಿ ಬ್ಲಾಕ್, ಅಂದರೆ ಅಕ್ಷರ ಕೆತ್ತಿದ ಲೋಹದ ಅಚ್ಚು, ಒತ್ತಿದಾಗ ಹಾಳೆ ಬಿಟ್ಟು ಉಳಿದದ್ದೆಲ್ಲ ಕಾಗದಕ್ಕೆ ಇಳಿಯುತ್ತದೆ. ಬೆಳ್ಳಿಯ ಹಾಗೆ ಹೊಳೆಯುವ ಅಲ್ಯುಮಿನಿಯಂ ಅನ್ನು ಹಳದಿ ಕನ್ನಡಕದಲ್ಲಿ ನೋಡಿದ ಹಾಗೆ. ಕೆಂಪು ಲ್ಯಾಕರ್ ಹಾಕಿದರೆ ಕೆಂಪು ಫಾಯಿಲ್, ಅಷ್ಟೇ ವ್ಯತ್ಯಾಸ. ಇದರಲ್ಲಿ ತಾಮ್ರ ಇಲ್ಲವಲ್ಲ, ಅದಕ್ಕೇ ಇಂಕಿನ ಥರ ಕಪ್ಪಾಗುವ ಗೋಳು ಇಲ್ಲ.

ಈಗ ಗಮನ ಇಟ್ಟು ಓದು. ಬ್ಲಾಕ್ ಬೇಕು. ಇಷ್ಟು ಸಣ್ಣ ಆರ್ಡರ್‌ಗೆ ಮೆಗ್ನೀಷಿಯಂ ಬ್ಲಾಕ್ ಸಾಕು. ಸಾವಿರಗಟ್ಟಲೆ ಇದ್ದರೆ, ಇಲ್ಲಾ ಸಣ್ಣ ಕೆತ್ತನೆ ಇದ್ದರೆ ಹಿತ್ತಾಳೆ ಇಲ್ಲಾ ತಾಮ್ರ. ಬ್ಲಾಕಿಗೆ ಚದರ ಇಂಚಿನ ಲೆಕ್ಕದಲ್ಲಿ ದುಡ್ಡು. ಆದ್ದರಿಂದ ಕಾರ್ಡಿನ ನಾಲ್ಕೂ ಮೂಲೆಗೆ ಒಂದೊಂದು ಪುಟ್ಟ ಹೂವು ಇಟ್ಟರೆ, ನಡುವಿನ ಖಾಲಿ ಜಾಗಕ್ಕೂ ಬಿಲ್ ಬೀಳಬಹುದು. ಮೊದಲೇ ಕೇಳಿಕೋ.

ಫೈಲ್‌ನಲ್ಲಿ ಗ್ರೇಡಿಯಂಟ್ ಬೇಡ, ನೆರಳು ಬೇಡ, ಹೊಳಪಿನ ಬಿಳಿ ಪಟ್ಟಿ ಖಂಡಿತ ಬೇಡ. ಬ್ಲಾಕ್‌ಗೆ ಗೊತ್ತಿರುವುದು ಎರಡೇ, ಒತ್ತು ಅಥವಾ ಬಿಡು. ಎಲ್ಲ ಶುದ್ಧ ಕಪ್ಪಿನಲ್ಲಿ, ವೆಕ್ಟರ್‌ನಲ್ಲಿ, ಬೇರೆ ಪುಟದಲ್ಲಿ ಕೊಡು.

ಮತ್ತೆ ನಮ್ಮ ಕನ್ನಡದ ಕಷ್ಟ. ಫಾಯಿಲ್ ಬಿಸಿಗೆ ಅಂಚಿನಿಂದ ಸ್ವಲ್ಪ ಆಚೆ ಹರಡುತ್ತದೆ. ಇಂಗ್ಲಿಷ್‌ನ ದೊಡ್ಡ ಅಕ್ಷರಗಳಿಗೆ ಅದು ಲೆಕ್ಕಕ್ಕಿಲ್ಲ. ನಮ್ಮ ಹ, ಷ, ಣ ನೋಡು. ಒಳಗೆ ಎಷ್ಟು ಸಣ್ಣ ಸಣ್ಣ ಕಿಂಡಿ! ಅವು ಮುಚ್ಚಿಹೋದರೆ ಅಕ್ಷರ ಬರೀ ಚಿನ್ನದ ಚುಕ್ಕೆ. ಒತ್ತಕ್ಷರ ಅಂತೂ ಮೇಲಿನ ಅಕ್ಷರಕ್ಕೆ ಅಂಟಿಕೊಂಡೇ ಕೂರುತ್ತದೆ. ನೀನು ಬರೆಸುವ ಪದ ಯಾವುದು? ಗೃಹಪ್ರವೇಶ. ಒಂದೇ ಪದದಲ್ಲಿ ಗೃ, ಪ್ರ ಎರಡೂ ಇವೆ. 12 ಪಾಯಿಂಟ್‌ಗಿಂತ ಕಡಿಮೆ ಇಳಿಯಬೇಡ. ಗೆರೆ 0.3 ಮಿ.ಮೀ.ಗಿಂತ ಸಣ್ಣ ಬೇಡ, ಎರಡು ಗೆರೆ ನಡುವೆ 0.5 ಆದರೂ ಇರಲಿ. ವಿಳಾಸ, ಫೋನ್ ನಂಬರ್, ಸಣ್ಣ ಅಕ್ಷರ ಎಲ್ಲ ಫಾಯಿಲ್‌ನಿಂದ ಹೊರಗಿಡು.

ಸ್ಕ್ರೀನ್_ಹುಡುಗ

ಮಾಮ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ನಾನು ಪೆಟ್ಟು ತಿಂದು ಕಲಿತದ್ದು. ನುಡಿ ಥರದ ಹಳೇ ಫಾಂಟ್ ಬಳಸಿ ಕರ್ವ್ ಮಾಡಿದರೆ (ಅಕ್ಷರವನ್ನು ಗೆರೆಚಿತ್ರ ಮಾಡಿದರೆ) ಅಕ್ಷರ ತುಂಡು ತುಂಡಾಗಿರುತ್ತದೆ. ತಲೆಕಟ್ಟು ಒಂದು ತುಂಡು, ದೀರ್ಘ ಒಂದು ತುಂಡು, ಒತ್ತು ಇನ್ನೊಂದು. ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಎಲ್ಲ ಸೆಲೆಕ್ಟ್ ಮಾಡಿ ಕಂಬೈನ್ ಕೊಟ್ಟರೆ, ಹತ್ತಿ ಕೂತ ಜಾಗದಲ್ಲಿ ಬಿಳಿ ತೂತು ಬೀಳುತ್ತದೆ. ಕಂಬೈನ್ ಅಲ್ಲ, ತುಂಡುಗಳನ್ನು ಬೆಸೆದು ಒಂದೇ ಆಕಾರ ಮಾಡುವ ವೆಲ್ಡ್ ಕೊಡಬೇಕು. ನಾನೊಮ್ಮೆ ನೋಡದೆ ಫಿಲ್ಮ್ ತೆಗೆಸಿದ್ದೆ. "ಶ್ರೀ" ನಡುವೆ ಎರಡು ಕಿಂಡಿ. ಗಿರಾಕಿ ಅಪಶಕುನ ಅಂತ ಹಿಡಿದುಕೊಂಡರು.

ಮಲ್ಲೇಶ್ವರದ_ಓದುಗ

ನನ್ನದು ಸ್ವಲ್ಪ ಎದುರು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲದಕ್ಕೂ ಗೋಲ್ಡ್ ಯಾಕೆ? ಈಗ ಅವೆನ್ಯೂ ರಸ್ತೆಯಲ್ಲಿ ಹತ್ತು ಕಾರ್ಡ್ ತೆಗೆದು ನೋಡಿ, ಒಂಬತ್ತರಲ್ಲಿ ಗಣೇಶನೂ ಗೋಲ್ಡ್, ಹೆಸರೂ ಗೋಲ್ಡ್, ಅಂಚೂ ಗೋಲ್ಡ್. ಎಲ್ಲವೂ ಹೊಳೆದರೆ ಯಾವುದನ್ನು ಓದಬೇಕು? ಸಾಲದ್ದಕ್ಕೆ ಮೇಲೆ ಪ್ಲಾಸ್ಟಿಕ್ ಲ್ಯಾಮಿನೇಷನ್.

ಟ್ರೆಡಲ್_ಮಾಮ

ಸ್ವಾಮಿ, ಲ್ಯಾಮಿನೇಷನ್ ಬಗ್ಗೆ ನಿಮ್ಮ ಮಾತು ಒಪ್ಪಿದೆ. ಅದು ಕಾಗದದ ಮುಖಕ್ಕೆಲ್ಲ ಪ್ಲಾಸ್ಟಿಕ್ ಅಂಟಿಸುವ ಕೆಲಸ. ಫಾಯಿಲ್ ಹಾಗಲ್ಲ, ಕಾಗದಕ್ಕೆ ಇಳಿಯುವುದು ಬಹಳ ತೆಳು ಪದರ. ಆದರೆ ಹಾಳೆಯ ರೋಲ್ ಮಾತ್ರ ಪೂರ್ತಿ ಕಸಕ್ಕೆ. ಸಂಜೆ ನಮ್ಮ ಪ್ರೆಸ್‌ನಲ್ಲಿ ಆ ರಾಶಿ ನೋಡಿದರೆ ನನಗೂ ಹೊಟ್ಟೆ ಉರಿಯುತ್ತದೆ. ಒಂದು ಚಿಕ್ಕ ಚಿತ್ರಕ್ಕೆ ಗೇಣುದ್ದ ಫಾಯಿಲ್ ಹಾಳು.

ಕುಂಚ_ಕಾಗದ

ನಾನು ಮೈಸೂರು ಶೈಲಿಯ ಚಿತ್ರ ಕಲಿಯುತ್ತಿದ್ದೇನೆ, ಆದ್ದರಿಂದ ಮೂಗು ತೂರಿಸುತ್ತಿದ್ದೇನೆ. ನಮ್ಮಲ್ಲಿ ಚಿನ್ನದ ಹಾಳೆ ನೇರ ಕಾಗದಕ್ಕೆ ಅಂಟಿಸುವುದಿಲ್ಲ. ಮೊದಲು ಗೆಸ್ಸೋ, ಅಂದರೆ ಉಬ್ಬು ಮಾಡಲು ಹಚ್ಚುವ ಲೇಪದ ಕೆಲಸ. ಒಡವೆ, ಸೀರೆ ಅಂಚು, ಮಂಟಪದ ಕಮಾನು, ಇಷ್ಟನ್ನು ಮಾತ್ರ ಕುಂಚದಿಂದ ಸ್ವಲ್ಪವೇ ಎತ್ತರಿಸುತ್ತೇವೆ. ತಂಜಾವೂರು ಶೈಲಿಯಲ್ಲಿ ಈ ಉಬ್ಬು ಜಾಸ್ತಿ. ನಮ್ಮದರಲ್ಲಿ ತೀರಾ ಕಡಿಮೆ, ಬೆರಳಾಡಿಸಿದರೆ ಗೊತ್ತಾಗುವಷ್ಟು. ಅದರ ಮೇಲೆ ಚಿನ್ನದ ಹಾಳೆ. ಆ ಸಣ್ಣ ಉಬ್ಬಿನ ಅಂಚಿಗೆ ದೀಪದ ಬೆಳಕು ಬಡಿದಾಗ ಒಡವೆ ಮಿನುಗುತ್ತದೆ. ಮುಖಕ್ಕೆ ಚಿನ್ನ ಇಲ್ಲ, ಕೈಗೆ ಇಲ್ಲ.

ಮಲ್ಲೇಶ್ವರದವರ ಪ್ರಶ್ನೆಗೆ ಇದರಲ್ಲೇ ಉತ್ತರ ಇದೆ ಅಂತ ನನಗೆ ಅನಿಸುತ್ತದೆ. ತೋರಣದ ಎಲೆಗಳಲ್ಲಿ ಗೋಲ್ಡ್ ಬೇಡ. ಕಟ್ಟಿದ ದಾರಕ್ಕೆ ಮಾತ್ರ ಕೊಡಿ, ನೋಡಿ.

ಇನ್ನು ಎಷ್ಟು ಚಿನ್ನ ಬೇಕು ಅನ್ನುವುದಕ್ಕೆ ಒಂದು ಲೆಕ್ಕ. ಕೆಎಸ್‌ಐಸಿ (ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಬೆಳ್ಳಿ ಶೇ. 65, ಚಿನ್ನ ಶೇ. 0.65. ಅಷ್ಟಕ್ಕೇ ಮದುವೆಮನೆ ಪೂರ್ತಿ ತಿರುಗಿ ನೋಡುತ್ತದೆ ಅಲ್ವಾ?

ಬಸವನಗುಡಿ_ಡಿಸೈನ್

ದಾರಕ್ಕೆ ಮಾತ್ರ ಗೋಲ್ಡ್! ಇದನ್ನು ಕದಿಯುತ್ತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ.

ಇನ್ನೊಂದು ತಲೆನೋವು. ಮೊಬೈಲ್ ಆಮಂತ್ರಣ ಕಳಿಸಿದೆ. ನನ್ನ ಫೋನ್‌ನಲ್ಲಿ ಚೆನ್ನಾಗಿದೆ. ವಾಟ್ಸಾಪ್‌ನಲ್ಲಿ ಎರಡು ಕೈ ದಾಟಿ ವಾಪಸ್ ಬಂದಾಗ ಅಕ್ಷರದ ಅಂಚೆಲ್ಲ ಕಲೆಸಿಹೋಗಿದೆ, ಗ್ರೇಡಿಯಂಟ್ ಪಟ್ಟೆ ಪಟ್ಟೆ. ಮನೆಯ ಯಜಮಾನರು ವೆಬ್ ಪುಟ ನೋಡಿ ದಿನಾಂಕವೇ ಕಾಣುತ್ತಿಲ್ಲ ಅಂದರು. ಅದು ಬಿಳಿ ಹಿನ್ನೆಲೆಯಲ್ಲಿ ಗೋಲ್ಡ್ ಅಕ್ಷರ.

ಪಿಕ್ಸೆಲ್_ಅಕ್ಕ

ಬಾ ತಮ್ಮ, ಇದು ನನ್ನ ಏರಿಯಾ. ಬೆಳಗ್ಗೆಯಿಂದ ರಾತ್ರಿ ತನಕ ಆ್ಯಪ್‌ಗಳ ಸ್ಕ್ರೀನ್ ಮಾಡುವುದೇ ನನ್ನ ಕೆಲಸ.

ಮೊದಲು ಬಿಳಿ ಹಿನ್ನೆಲೆ. ಎಲ್ಲರೂ ಬಳಸುವ ಗೋಲ್ಡ್ ಅಂದರೆ ಕೆಂಪು 212, ಹಸಿರು 175, ನೀಲಿ 55. ಇದನ್ನು ಬಿಳಿ ಮೇಲೆ ಇಟ್ಟರೆ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ) ಬರೀ 2.1. ವೆಬ್ ಪುಟ ಎಲ್ಲರಿಗೂ ಓದಲು ಆಗಬೇಕು ಅಂತ ಇರುವ ಡಬ್ಲ್ಯೂಸಿಎಜಿ ನಿಯಮದ ಪ್ರಕಾರ ಮಾಮೂಲಿ ಅಕ್ಷರಕ್ಕೆ 4.5 ಬೇಕು, ದೊಡ್ಡ ಅಕ್ಷರಕ್ಕೆ 3. ಬ್ರೌಸರ್‌ನಲ್ಲಿ ಗೋಲ್ಡ್ ಅಂತ ಹೆಸರು ಕೊಟ್ಟರೆ ಬರುವ 255, 215, 0 ಇನ್ನೂ ಕೆಟ್ಟದು, 1.4. ಯಜಮಾನರ ಕಣ್ಣಿನ ತಪ್ಪಲ್ಲ. ಅದೇ 212-175-55 ಅನ್ನು ಕಪ್ಪಿನ ಮೇಲೆ ಇಡು, ಹೆಚ್ಚುಕಡಿಮೆ 10 ಬರುತ್ತದೆ. ನಿನ್ನ ಕುಂಕುಮ ಬಣ್ಣವನ್ನು 110, 16, 28ರಷ್ಟು ಗಾಢ ಮಾಡಿಕೊಂಡರೆ 5.7. ಸಾಕು. ಬಿಳಿ ಹಿನ್ನೆಲೆಯೇ ಬೇಕು ಅಂತ ಹಟ ಹಿಡಿದರೆ 138, 106, 20 ಬಳಸು, 5 ಬರುತ್ತದೆ. ಆದರೆ ಅದು ಚಿನ್ನ ಅನಿಸಲ್ಲ, ಹಳೇ ಪಾತ್ರೆ ಅನಿಸುತ್ತದೆ. ಗ್ರೇಡಿಯಂಟ್ ಇದ್ದರೆ, ಹಿನ್ನೆಲೆಗೆ ಅತಿ ಹತ್ತಿರ ಇರುವ ಬಣ್ಣವನ್ನು ಹಿಡಿದು ಅಳೆಯಬೇಕು. ಎಲ್ಲರೂ ಹೊಳಪಿನ ಜಾಗ ಅಳೆದು ಪಾಸ್ ಅಂದುಕೊಳ್ಳುತ್ತಾರೆ.

ವಾಟ್ಸಾಪ್ ಕಥೆ. ಫೋಟೋ ಹೋಗುವುದು ಜೆಪೆಗ್ ಅನ್ನುವ ಕುಗ್ಗಿಸಿದ ರೂಪದಲ್ಲಿ. ಜೆಪೆಗ್ ಸಾಮಾನ್ಯವಾಗಿ ಬೆಳಕಿನ ವಿವರ ಚೆನ್ನಾಗಿ ಉಳಿಸಿ, ಬಣ್ಣದ ವಿವರವನ್ನು ಕಡಿಮೆ ಮಾಡಿಬಿಡುತ್ತದೆ. ಕೆಂಪಿನ ಮೇಲೆ ಹಳದಿ ಅಂದರೆ ವ್ಯತ್ಯಾಸ ಹೆಚ್ಚಾಗಿ ಬಣ್ಣದಲ್ಲೇ. ಅದಕ್ಕೇ ಅಂಚು ಕಲೆಸುತ್ತದೆ. ಹಿನ್ನೆಲೆ ಗಾಢ ಮಾಡಿದರೆ ಇದೂ ಅರ್ಧ ಸರಿಹೋಗುತ್ತದೆ. ಪಟ್ಟೆ ಬೀಳುವುದಕ್ಕೆ ಗ್ರೇಡಿಯಂಟ್ ಮೇಲೆ ತೀರಾ ಸಣ್ಣ ನಾಯ್ಸ್ (ಚುಕ್ಕೆಗಳ ಚೆಲ್ಲಾಟ) ಹಾಕು, ಉಪ್ಪು ಉದುರಿಸಿದಷ್ಟು. ಫೋಟೋ ಅಂತ ಕಳಿಸಬೇಡ, ಡಾಕ್ಯುಮೆಂಟ್ ಅಂತ ಕಳಿಸು.

ಈಗ ಮಾಮನ ಚಮಚ. ಸ್ಕ್ರೀನ್‌ನಲ್ಲಿ ಆ ಓಡಾಟ ತರಲು ಆಗುತ್ತದಾ? ಸ್ವಲ್ಪ ಆಗುತ್ತದೆ. ಫೋನ್ ಎಷ್ಟು ವಾಲಿದೆ ಅನ್ನುವುದು ವೆಬ್ ಪುಟಕ್ಕೆ ಗೊತ್ತಾಗುತ್ತದೆ. ಅದಕ್ಕೆ ತಕ್ಕಂತೆ ಹೊಳಪಿನ ಪಟ್ಟಿಯನ್ನು ಸರಿಸಬಹುದು. ಐಫೋನ್‌ನಲ್ಲಿ 2019ರ ಐಒಎಸ್ 13ರಿಂದ ಇದಕ್ಕೆ ನೋಡುವವರ ಅನುಮತಿ ಕೇಳಬೇಕು. ಗೃಹಪ್ರವೇಶದ ಕಾರ್ಡ್ ತೆರೆದವರಿಗೆ ಅನುಮತಿ ಕೊಡಿ ಅಂತ ಡಬ್ಬಿ ಬಂದರೆ ಗಾಬರಿ ಬೀಳುತ್ತಾರೆ! ಅದರ ಬದಲು ಸ್ಕ್ರಾಲ್ ಮಾಡಿದಾಗ ಹೊಳಪು ಒಂದು ಸಲ ಹಾದುಹೋಗಲಿ. ಒಂದೇ ಸಲ. ಫೋನ್‌ನಲ್ಲಿ ಚಲನೆ ಕಡಿಮೆ ಮಾಡು ಅಂತ ಸೆಟ್ಟಿಂಗ್ ಇಟ್ಟವರಿಗೆ ಅದೂ ಬೇಡ.

ಗ್ರೇಡಿಯಂಟ್ ಹಾಕುವಾಗ ಹಳದಿಯಿಂದ ಬಿಳಿಗೆ ನಯವಾಗಿ ಹೋಗಬೇಡ. ಲೋಹದಲ್ಲಿ ಕಪ್ಪು ಕಂದಿನ ಪಕ್ಕದಲ್ಲೇ ಥಟ್ ಅಂತ ಬೆಳಕು ಬರುತ್ತದೆ. ಗಾಢ ಕಂದು ಧೈರ್ಯವಾಗಿ ಹಾಕು. ಅದಿಲ್ಲದೆ ಇದ್ದರೆ ಮತ್ತೆ ಕಡ್ಲೆಹಿಟ್ಟು. ಆದರೆ ದಪ್ಪ ಅಂಚಿಗೆ, ಅಲಂಕಾರಕ್ಕೆ ಮಾತ್ರ ಇದು. ದಿನಾಂಕ, ಜಾಗ, ಸಮಯ ಎಲ್ಲ ಒಂದೇ ತಿಳಿ ಕೆನೆ ಬಣ್ಣದಲ್ಲಿ.

ಪೇಟೆ_ಪೇಪರ್

ಮೇಡಂ ಹೇಳಿದ್ದು ನಮಗೂ ಅನ್ವಯ. ಪಿಡಿಎಫ್ ನೋಡಿ ಫಾಯಿಲ್ ಒಪ್ಪಿಗೆ ಕೊಡಬೇಡಿ ಸರ್. ಸ್ಕ್ರೀನ್‌ನಲ್ಲಿ ಅದು ಬರೀ ಹಳದಿ. ನೀವು ತಗೊಂಡ ಕಾಗದದ ತುಂಡಿನ ಮೇಲೇ ಒಂದು ಒತ್ತಿಸಿ ನೋಡಿ. ಗೋಲ್ಡ್ ಫಾಯಿಲ್‌ನಲ್ಲೇ ತಿಳಿ, ಕೆಂಪು ಛಾಯೆ, ಮ್ಯಾಟ್ ಅಂತ ಸುಮಾರು ಇರುತ್ತವೆ. ಕುಂಕುಮ ಕಾಗದಕ್ಕೆ ತಿಳಿ ಗೋಲ್ಡ್ ಚೆಂದ, ಕೆಂಪು ಛಾಯೆ ಮುಳುಗಿಹೋಗುತ್ತದೆ. ಇದು ನನ್ನ ಅಭಿಪ್ರಾಯ, ಜಗಳ ಬೇಡ.

ಕುಂಚ_ಕಾಗದ

ಒಂದು ಮರೆತಿದ್ದೆ. ಮೂಲೆಗೆ ಅರಿಶಿನ ಹಚ್ಚುವುದಿಲ್ಲವಾ? ನಾಲ್ಕೂ ಮೂಲೆಯಲ್ಲಿ ಫಾಯಿಲ್ ಇದ್ದರೆ ಅರಿಶಿನ ಎಲ್ಲಿ ಹಿಡಿಯಬೇಕು? ನಮ್ಮ ಮನೆಯ ಮದುವೆಯಲ್ಲಿ ಹೀಗೇ ಆಗಿತ್ತು. ಲ್ಯಾಮಿನೇಷನ್ ಕಾರ್ಡ್. ಹಚ್ಚಿದ ಅರಿಶಿನ ಜಾರಿ ಕವರ್ ಒಳಗೆಲ್ಲ ಪುಡಿ.

ಟ್ರೆಡಲ್_ಮಾಮ

ಭಲೇ ತಾಯಿ! ಇಷ್ಟು ವರ್ಷ ಕೆಲಸ ಮಾಡಿದ ನಾನೇ ಹೇಳಬೇಕಿತ್ತು. ಗೋಲ್ಡ್ ಇಂಕ್ ಆದರೆ ಇನ್ನೂ ಕಷ್ಟ, ಒದ್ದೆ ಬೆರಳಿಗೆ ಅರಿಶಿನದ ಜೊತೆ ಇಂಕೂ ಎದ್ದು ಬರುತ್ತದೆ. ಮೂಲೆಯಲ್ಲಿ ಬೆರಳಗಲ ಖಾಲಿ ಬಿಡು ತಮ್ಮ.

ಬಸವನಗುಡಿ_ಡಿಸೈನ್

(ಒಂದು ವಾರದ ಮೇಲೆ)

ಕಾರ್ಡ್ ಬಂತು! ಒಳಗೂ ಹೊರಗೂ ಕುಂಕುಮ ಬಣ್ಣದ ಕಾಗದ, ತಿಳಿ ಗೋಲ್ಡ್ ಫಾಯಿಲ್. ಫಾಯಿಲ್ ಇರುವುದು ಎರಡೇ ಕಡೆ, "ಗೃಹಪ್ರವೇಶ" ಅನ್ನುವ ಪದಕ್ಕೆ ಮತ್ತು ತೋರಣದ ದಾರಕ್ಕೆ. ಉಳಿದ ಅಕ್ಷರ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಕೆನೆ ಬಣ್ಣ. ಮೂಲೆಗಳು ಖಾಲಿ. ಮೊದಲ ಸ್ಯಾಂಪಲ್‌ನಲ್ಲಿ "ಗೃ" ಕೆಳಗಿನ ಸುರುಳಿ ಮುಚ್ಚಿಹೋಗಿತ್ತು. ಅದನ್ನು ಕೈಯಲ್ಲೇ ಸ್ವಲ್ಪ ಬಿಡಿಸಿ ಇನ್ನೊಂದು ಬ್ಲಾಕ್ ಮಾಡಿಸಿದೆ. ಆ ಖರ್ಚು ನನ್ನ ಜೇಬಿಂದ, ಇರಲಿ.

ಅಜ್ಜಿ ಕಾರ್ಡನ್ನು ಕಿಟಕಿ ಕಡೆ ಹಿಡಿದು ಮೇಲೆ ಕೆಳಗೆ ಆಡಿಸಿದರು. ದಾರ ಮಿಣಕ್ ಅಂತು. "ಎಷ್ಟು ಗ್ರಾಂ ಹಾಕಿದ್ದೀಯೋ?" ಅಂದರು.

ಟ್ರೆಡಲ್_ಮಾಮ

ಅಲ್ಯುಮಿನಿಯಂ ಅಂತ ಹೇಳಿಲ್ಲ ತಾನೆ? ಒಳ್ಳೆಯದಾಯಿತು. ಬ್ಲಾಕ್ ಇಸ್ಕೊಂಡು ಬಂದೆಯಾ? ದುಡ್ಡು ಕೊಟ್ಟವನು ನೀನು, ಬ್ಲಾಕ್ ನಿನ್ನದು. ಮೆಗ್ನೀಷಿಯಂ ಅಲ್ವಾ, ಹಾಗೇ ಇಟ್ಟರೆ ತೇವಕ್ಕೆ ಬಿಳಿ ಹಿಡಿದು ತಿಂದುಹೋಗುತ್ತದೆ. ಎಣ್ಣೆ ಸವರಿ ಪೇಪರ್‌ನಲ್ಲಿ ಸುತ್ತಿಡು. "ಗೃಹಪ್ರವೇಶ" ಅಂತ ತಾನೆ ಇರುವುದು, ಯಾರ ಹೆಸರೂ ಇಲ್ಲ. ಮುಂದಿನ ಗಿರಾಕಿಗೂ ಆಗುತ್ತದೆ.

ಬಸವನಗುಡಿ_ಡಿಸೈನ್

ಇಲ್ಲ ಮಾಮ, ಅಲ್ಲೇ ಬಿಟ್ಟು ಬಂದೆ. ನಾಳೆ ಬೆಳಗ್ಗೆನೇ ಹೋಗುತ್ತೇನೆ.